ಒಲೆಗಿಂತ ಮೊದಲು ಹೊಗೆಗೂಡು ನೋಡಿ

ಗುಜರಿಯಿಂದ ತಂದ ಕಬ್ಬಿಣದ ಒಲೆಯನ್ನು ಹಳೆಮನೆಯ ಚಿಮ್ನಿಗೆ ಜೋಡಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗ್ಯಾಸ್ ಬಂದು ಎಷ್ಟು ವರ್ಷವಾದರೂ ನಮ್ಮ ಬ್ಯಾರಿ ಮನೆಗಳಿಂದ ಕಟ್ಟಿಗೆ ಒಲೆ ಪೂರ್ತಿ ಹೊರಟುಹೋಗಿಲ್ಲ. ಮುಂದಿನ ಅಡುಗೆಕೋಣೆಯಲ್ಲಿ ಗ್ಯಾಸ್, ಮಿಕ್ಸಿ, ಟೈಲ್ಸ್ ಎಲ್ಲ ಉಂಟು. ಹಿಂದಿನ ವರ್ಕ್ ಏರಿಯಾದಲ್ಲಿ ಒಲೆಯೂ ಉಂಟು. ಕುಚ್ಚಲಕ್ಕಿ ಬೇಯಬೇಕು, ಸ್ನಾನಕ್ಕೆ ಹಂಡೆ ನೀರು ಕಾಯಬೇಕು. ರಮಝಾನಿನಲ್ಲಿ ಹತ್ತು ಮನೆಗೆ ಹಂಚುವಷ್ಟು ಪತ್ತಿರ್ ಸುಡಬೇಕು, ನೆಂಟರು ಕೂಡಿದರೆ ಬಿರಿಯಾನಿಯ ದೊಡ್ಡ ಪಾತ್ರೆ ಏರಬೇಕು. ಇದಕ್ಕೆಲ್ಲ ಸಿಲಿಂಡರ್ ಉರಿಸಿದರೆ ತಿಂಗಳ ಲೆಕ್ಕ ತಪ್ಪುತ್ತದೆ. ತೋಟದಲ್ಲಿ ಮಡಲು, ಗೆರಟೆ, ತೆಂಗಿನ ಸಿಪ್ಪೆ ಬಿದ್ದು ಹಾಳಾಗುವಾಗ ಒಲೆ ಬಿಡಲು ಮನಸ್ಸೂ ಬರುವುದಿಲ್ಲ. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ ನೆಲೆಸಿದ ನಮ್ಮವರಿಗಂತೂ ಮಳೆಗಾಲದಲ್ಲಿ ಒಲೆಯೇ ಚಳಿಗೆ ಮದ್ದು.

ಹಾಗಾಗಿ ಕಬ್ಬಿಣದ ಮುಚ್ಚುಬಾಗಿಲಿನ ಒಲೆಗೆ ಗಿರಾಕಿ ಇದ್ದೇ ಇದ್ದಾರೆ. ಹೊಸದಕ್ಕೆ ದುಡ್ಡು ಜಾಸ್ತಿ, ಹಳೆಯದು ಗುಜರಿಯಲ್ಲಿ ಸಿಗುತ್ತದೆ. ಗುಜರಿ ಅಂದರೆ ನಮ್ಮವರದೇ ವ್ಯಾಪಾರ, ಪರಿಚಯದ ಅಂಗಡಿ, ಕ್ರಯದಲ್ಲಿ ಚೌಕಾಶಿಗೂ ಜಾಗ ಉಂಟು. ಹಳೆಮನೆಯಲ್ಲಿ ಬಾಪನೋ ಅಜ್ಜನೋ ಕಟ್ಟಿಸಿದ ಕೆಂಪುಕಲ್ಲಿನ ಹೊಗೆಗೂಡು, ಅಂದರೆ ಚಿಮ್ನಿ, ಇನ್ನೂ ನಿಂತಿರುತ್ತದೆ. ಒಲೆ ತಂದು ಒಂದು ಕೊಳವೆ ಸಿಕ್ಕಿಸಿ ಆ ಗೂಡಿಗೆ ತೂರಿಸಿದರೆ ಕೆಲಸ ಮುಗಿಯಿತು ಅಂತ ಎಲ್ಲರೂ ಎಣಿಸುತ್ತಾರೆ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ ಎನ್ನುವುದೇ ಈ ಬರಹದ ತಾತ್ಪರ್ಯ. ಒಲೆ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ನಡೆಸುವುದು ಹೊಗೆಗೂಡು. ಗೂಡು ಸರಿ ಇಲ್ಲದಿದ್ದರೆ ಒಳ್ಳೆಯ ಒಲೆಯೂ ಮನೆಗೆ ಹೊಗೆ ತುಂಬಿಸುತ್ತದೆ. ಕೆಲವೊಮ್ಮೆ ಮಾಡಿಗೆ ಬೆಂಕಿ ಹಚ್ಚುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದ ವಿಷಗಾಳಿಯಿಂದ ಜೀವ ತೆಗೆಯುತ್ತದೆ.

ಹೊಗೆ ಯಾರ ಎದೆಗೆ ಹೋಗುತ್ತದೆ?

ಅಡುಗೆ ಹೊಗೆಯನ್ನು ನಾವು ಹಗುರವಾಗಿ ನೋಡುತ್ತೇವೆ. ಉಮ್ಮನ ಕೆಮ್ಮು, ಕಣ್ಣುರಿ ಎಲ್ಲ ವಯಸ್ಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದರೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದ ದೀರ್ಘ ಕಾಯಿಲೆ, ಮಕ್ಕಳ ನ್ಯುಮೋನಿಯಾ ಎಲ್ಲಕ್ಕೂ ಈ ಹೊಗೆ ಕಾರಣವಾಗುತ್ತದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಹೆಂಗಸರು, ಅವರ ಮಡಿಲಲ್ಲಿ ಇರುವವು ಮಕ್ಕಳು.

ಹೊಗೆ ಹೊರಗೆ ಹಾಕುವ ಪ್ರಯತ್ನ ನಮ್ಮ ನಾಡಿನಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ ಮೂರು ಪಾತ್ರೆಯ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಬಂತು. ಪಕ್ಕದ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನವರ ‘ಪರಿಷತ್ ಅಡುಪ್ಪು’ ಹೆಸರು ಮಾಡಿತು. ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ಕಾರ್ಯಕ್ರಮವನ್ನು 2002ರವರೆಗೆ ನಡೆಸಿತು. ಹಾಗೆ ಹಾಕಿಸಿಕೊಂಡ ಒಲೆಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕೊಳವೆ ಒಡೆಯಿತು, ಮಸಿ ಕಟ್ಟಿತು, ತೆಗೆಯುವವರಿಲ್ಲ. ಹೊಗೆ ಪುನಃ ಒಳಗೇ ಬಂತು. ಒಲೆಯನ್ನಷ್ಟೇ ನೋಡಿ ಗೂಡನ್ನು ಮರೆತರೆ ಏನಾಗುತ್ತದೆ ಎಂಬ ಪಾಠ ನಮಗೆ ಆಗಲೇ ಸಿಕ್ಕಿದೆ.

ಗೂಡು ಕೆಲಸ ಮಾಡುವ ಬಗೆ

ಬಿಸಿ ಗಾಳಿ ಹಗುರ, ಮೇಲಕ್ಕೆ ಏರುತ್ತದೆ. ಅದು ಏರುವಾಗ ಕೆಳಗೆ ಎಳೆತ ಹುಟ್ಟುತ್ತದೆ. ಆ ಎಳೆತದಿಂದ ಒಲೆಯ ಬಾಯಿಯಿಂದ ಹೊಸ ಗಾಳಿ ಒಳಗೆ ಬಂದು ಬೆಂಕಿ ಉರಿಯುತ್ತದೆ. ಗೂಡು ಎತ್ತರವಾಗಿದ್ದಷ್ಟು, ಒಳಗಿನ ಹೊಗೆ ಬಿಸಿಯಾಗಿದ್ದಷ್ಟು ಎಳೆತ ಜೋರು. ಒಲೆಯಿಂದ ಗೂಡಿನ ತುದಿವರೆಗೆ ಕನಿಷ್ಠ 15 ಅಡಿ ಇರಬೇಕು ಎಂಬುದು ಇಂಥ ಒಲೆಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ.

ನಮ್ಮ ಹಳೆಯ ಗೂಡುಗಳನ್ನು ಕಟ್ಟಿದ್ದು ತೆರೆದ ಒಲೆಗಾಗಿ. ತೆರೆದ ಒಲೆಯ ಮೇಲೆ ಕೋಣೆಯ ಗಾಳಿಯೂ ಹೊಗೆಯೂ ಒಟ್ಟಿಗೆ ಏರುತ್ತವೆ. ಅಷ್ಟನ್ನೂ ಹೊರಗೆ ಹಾಕಲು ಗೂಡು ಅಗಲ ಇರಲೇಬೇಕಿತ್ತು. ಮುಚ್ಚುಬಾಗಿಲಿನ ಕಬ್ಬಿಣದ ಒಲೆ ಹಾಗಲ್ಲ. ಅದು ಗಾಳಿಯನ್ನು ಅಳೆದು ತೆಗೆದುಕೊಳ್ಳುತ್ತದೆ, ಬಿಸಿಯ ದೊಡ್ಡ ಪಾಲನ್ನು ತಾನೇ ಹಿಡಿದುಕೊಳ್ಳುತ್ತದೆ, ಸ್ವಲ್ಪವೇ ಹೊಗೆಯನ್ನು ಹೊರಗೆ ಬಿಡುತ್ತದೆ. ಆ ಸ್ವಲ್ಪ ಹೊಗೆ ದೊಡ್ಡ ಗೂಡಿಗೆ ಹೊಕ್ಕ ಕೂಡಲೇ ಹರಡಿ ತಣ್ಣಗಾಗುತ್ತದೆ. ಏರಲು ಶಕ್ತಿ ಸಾಲದೆ ನಿಧಾನವಾಗುತ್ತದೆ. ಹೊರಗಿನಿಂದ ಗಾಳಿ ಬೀಸಿದರೆ ವಾಪಸ್ಸು ಕೆಳಗೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಒಲೆಯ ಹಿಂದಿನ ಕೊಳವೆ 6 ಇಂಚಿನದಾದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 28 ಚದರ ಇಂಚು. ಗೂಡಿನ ಒಳಗಡೆ ಒಂದು ಅಡಿಗೆ ಒಂದು ಅಡಿ ಇದ್ದರೆ 144 ಚದರ ಇಂಚು, ಅಂದರೆ ಐದು ಪಾಲು! ಚಳಿದೇಶಗಳಲ್ಲಿ ಪಾಲಿಸುವ ನಿಯಮದ ಪ್ರಕಾರ, ಗೂಡು ಮನೆಯ ಒಳಗಿನಿಂದಲೇ ಏರಿದ್ದರೆ ಅದರ ಒಳವಿಸ್ತೀರ್ಣ ಕೊಳವೆಯ ಮೂರು ಪಾಲು ಮೀರಬಾರದು. ಹೊರಗೋಡೆಗೆ ಅಂಟಿಕೊಂಡು ಗಾಳಿ ಮಳೆಗೆ ಮೈಯೊಡ್ಡಿ ನಿಂತಿದ್ದರೆ ಎರಡು ಪಾಲು ಮಾತ್ರ. 8 ಇಂಚಿಗೆ 8 ಇಂಚಿನ ಗೂಡಾದರೆ 64 ಚದರ ಇಂಚು. ಮನೆಯೊಳಗಿನ ಗೂಡಿಗೆ ಈ ಅಳತೆ ನಡೆಯುತ್ತದೆ. ಅದಕ್ಕಿಂತ ತುಂಬ ದೊಡ್ಡದಿದ್ದರೆ ಗೂಡಿನ ಒಳಗೆ ಮೇಲಿನವರೆಗೆ ಉಕ್ಕಿನ ಕೊಳವೆ ಇಳಿಸಲೇಬೇಕು. ಕೆಂಪುಕಲ್ಲಿನ ಗೂಡು ಆಗ ಹೊರಕವಚ ಮಾತ್ರ, ಹೊಗೆ ಹೋಗುವುದು ಕೊಳವೆಯಲ್ಲಿ.

ತಣ್ಣಗಾದ ಹೊಗೆಯಿಂದ ಇನ್ನೊಂದು ಅಪಾಯವೂ ಉಂಟು. ಅದರಲ್ಲಿರುವ ಆವಿ ಗೂಡಿನ ಗೋಡೆಗೆ ತಾಗಿ ಕಪ್ಪು ಅಂಟಾಗಿ ಕೂರುತ್ತದೆ, ಆಮೇಲೆ ಗಟ್ಟಿಯಾಗಿ ಟಾರಿನಂತೆ ಹೊಳೆಯುತ್ತದೆ. ಇದು ಉರಿಯುವ ವಸ್ತು. ಒಂದು ದಿನ ಒಲೆಯಲ್ಲಿ ಬೆಂಕಿ ಜಾಸ್ತಿಯಾದಾಗ ಕಿಡಿ ತಾಗಿದರೆ ಗೂಡೇ ಹೊತ್ತಿಕೊಳ್ಳುತ್ತದೆ. ಆ ಬಿಸಿ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಗಾರೆ ಬಿರುಕು ಬಿಟ್ಟರೆ ಪಕ್ಕದ ಪಕ್ಕಾಸು, ರೀಪುಗಳಿಗೆ ಬೆಂಕಿ ಹಾರಲು ಹೊತ್ತು ಬೇಡ.

ಮೊದಲು ಗೂಡಿನ ತಪಾಸಣೆ

ಒಲೆಗೆ ಮುಂಗಡ ಕೊಡುವ ಮೊದಲೇ ಗೂಡು ನೋಡಿ. ಹಗಲು ಹೊತ್ತು ಕೆಳಗಿನ ಬಾಯಿಯಲ್ಲಿ ಕನ್ನಡಿ ಹಿಡಿದರೆ ತುದಿಯ ಆಕಾಶ ಕಾಣಬೇಕು. ಕಾಣದಿದ್ದರೆ ಒಂದೋ ಗೂಡು ಬಾಗಿದೆ, ಅಲ್ಲದಿದ್ದರೆ ಕಟ್ಟಿದೆ. ವರ್ಷಗಟ್ಟಲೆ ಬೆಂಕಿ ಕಾಣದ ಗೂಡಿನಲ್ಲಿ ಹಕ್ಕಿಗೂಡು, ಜೇನುಗೂಡು, ಬಾವಲಿ, ಬಿದ್ದ ಹಂಚಿನ ಚೂರು ಏನು ಬೇಕಾದರೂ ಇರಬಹುದು. ಸಂದಿನಲ್ಲಿ ಅಶ್ವತ್ಥದ ಗಿಡ ಹುಟ್ಟಿದ್ದರೆ ಬೇರು ಒಳಗಿನ ಗಾರೆಯನ್ನು ಬಿಡಿಸಿರುತ್ತದೆ.

ಆಮೇಲೆ ಮರಮಟ್ಟು ನೋಡಿ. ಹಂಚಿನ ಮನೆಗಳಲ್ಲಿ ತೊಲೆಯ ತುದಿಯನ್ನು ಗೂಡಿನ ಗೋಡೆಯೊಳಗೇ ಕೂರಿಸಿರುವುದುಂಟು. ತೆರೆದ ಒಲೆಯ ಮೆಲು ಹೊಗೆಗೆ ಅದು ಇಷ್ಟು ವರ್ಷ ತಡೆದಿರಬಹುದು, ಟಾರು ಹೊತ್ತಿಕೊಂಡ ಬೆಂಕಿಗೆ ತಡೆಯುವುದಿಲ್ಲ. ಕಲ್ಲಿನ ಗೂಡಿನ ಹೊರಮೈಗೂ ಮರಕ್ಕೂ ಕನಿಷ್ಠ 2 ಇಂಚು ಖಾಲಿ ಜಾಗ ಬೇಕು. ಒಲೆಯ ಮೇಲೆ ಅಟ್ಟ ಇದ್ದರೆ ಅಲ್ಲಿ ಏನು ಪೇರಿಸಿದ್ದೀರಿ ನೋಡಿ. ತೆಂಗಿನಕಾಯಿ, ಒಣಕಟ್ಟಿಗೆ, ಗೋಣಿಚೀಲ ಇವೆಲ್ಲ ಹೊಗೆಗೆ ಒಣಗಲಿ ಅಂತ ಇಡುವುದು ನಮ್ಮ ಹಳೆಯ ರೂಢಿ. ಹೊಸ ವ್ಯವಸ್ಥೆಯಲ್ಲಿ ಆ ಅಟ್ಟ ಖಾಲಿಯಾಗಬೇಕು.

ಬಿರುಕು ಕಣ್ಣಿಗೆ ಸಿಗದಿದ್ದರೆ ಹೊಗೆಯನ್ನೇ ಕೇಳಿ. ಗೂಡಿನ ಬುಡದಲ್ಲಿ ಸಣ್ಣ ಬೆಂಕಿ ಮಾಡಿ ಹಸಿ ಎಲೆ ಹಾಕಿ. ತುದಿಯಲ್ಲಿ ಹೊಗೆ ಕಂಡ ಮೇಲೆ ಒಬ್ಬರು ಮೇಲೆ ಒದ್ದೆ ಗೋಣಿ ಮುಚ್ಚಲಿ, ಇನ್ನಿಬ್ಬರು ಅಟ್ಟ, ಪಕ್ಕದ ಕೋಣೆ, ಹೊರಗೋಡೆ ನೋಡಲಿ. ಎಲ್ಲಿಂದ ಹೊಗೆ ಬರುತ್ತದೋ ಅಲ್ಲಿ ಬಿರುಕು ಉಂಟು ಅಂತ ಅರ್ಥ. ಈ ಪರೀಕ್ಷೆಗೆ ಬಾಗಿಲು ಕಿಟಕಿ ತೆರೆದಿರಲಿ, ಮಕ್ಕಳು, ವಯಸ್ಸಾದವರು ಹೊರಗಿರಲಿ, ಕೆಲವೇ ನಿಮಿಷದಲ್ಲಿ ಮುಗಿಸಿ. ಕೆಲವು ಮನೆಗಳಲ್ಲಿ ಬಚ್ಚಲಿನ ಹಂಡೆ ಒಲೆಯ ಹೊಗೆಯೂ ಇದೇ ಗೂಡಿಗೆ ಸೇರಿರುತ್ತದೆ. ಒಂದು ಗೂಡಿಗೆ ಒಂದೇ ಒಲೆ. ಉಳಿದ ಬಾಯಿಗಳನ್ನು ಇಟ್ಟಿಗೆ ಗಾರೆಯಲ್ಲಿ ಮುಚ್ಚಿಸಿ. ಗ್ಯಾಸ್ ಗೀಸರಿನ ಕೊಳವೆಯನ್ನಂತೂ ಇದಕ್ಕೆ ಸೇರಿಸಲೇಬೇಡಿ.

ಕೊನೆಗೆ ತುದಿ ನೋಡಿ. ಗೂಡು ಮಾಡಿನಿಂದ ಹೊರಬರುವ ಜಾಗಕ್ಕಿಂತ ಕನಿಷ್ಠ 3 ಅಡಿ ಎತ್ತರ ಇರಬೇಕು. ಸುತ್ತ 10 ಅಡಿಯೊಳಗಿನ ಯಾವುದೇ ಮಾಡು, ಗೋಡೆಗಿಂತ ಕನಿಷ್ಠ 2 ಅಡಿ ಮೇಲಿರಬೇಕು. ಗಲ್ಫ್ ದುಡ್ಡಿನಲ್ಲಿ ಮುಂದುಗಡೆ ಎರಡು ಮಾಳಿಗೆ ಎದ್ದ ಮೇಲೆ ಹಿಂದಿನ ಹಳೆಗೂಡು ಗಿಡ್ಡವಾಗಿ ಉಳಿದ ಮನೆಗಳು ಊರೂರಲ್ಲಿ ಉಂಟು. ಅಲ್ಲಿ ಗಾಳಿ ಟೆರೇಸ್ ಗೋಡೆಗೆ ಬಡಿದು ಗೂಡಿನೊಳಗೆ ಇಳಿಯುತ್ತದೆ, ಹೊಗೆಯೂ ಅದರ ಜೊತೆ ಇಳಿಯುತ್ತದೆ. ತುದಿ ನೆರೆಯವರ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿದ್ದರೂ ಎತ್ತರಿಸಲೇಬೇಕು. ನೆರೆಮನೆಯವರು ಯಾರೇ ಆಗಿರಲಿ, ನಮ್ಮಿಂದ ಅವರಿಗೆ ತೊಂದರೆ ಆಗಬಾರದು ಎಂಬುದು ನಮ್ಮ ದೀನ್ ಕಲಿಸಿದ ಪಾಠ.

ಗುಜರಿಯಲ್ಲಿ ಒಲೆ ಆರಿಸುವಾಗ

ಹಳೆಯ ಒಲೆಗಳಲ್ಲಿ ಎರಡು ಜಾತಿ. ಒಂದು ಬೀಡುಕಬ್ಬಿಣದ ಎರಕದ್ದು, ಇನ್ನೊಂದು ಉಕ್ಕಿನ ತಗಡು ಬೆಸುಗೆ ಹಾಕಿದ್ದು. ಬೀಡು ಬಹುಕಾಲ ಬಾಳುತ್ತದೆ, ಆದರೆ ಪೆಟ್ಟು ಬಿದ್ದರೆ, ಕಾದಾಗ ತಣ್ಣೀರು ಬಿದ್ದರೆ ಬಿರಿಯುತ್ತದೆ. ಬೆರಳ ಗಂಟಿನಿಂದ ತಟ್ಟಿ ನೋಡಿ. ಗಟ್ಟಿ ಇದ್ದರೆ ಗಂಟೆಯಂತೆ ನಾದ ಬರುತ್ತದೆ, ಬಿರಿದಿದ್ದರೆ ಒಡಕು ಸದ್ದು. ಕತ್ತಲೆ ಮೂಲೆಗೆ ಎಳೆದು ಒಳಗೆ ಟಾರ್ಚ್ ಹಾಕಿ, ಹೊರಗಿನಿಂದ ಸುತ್ತ ನೋಡಿ. ಬೆಳಕು ಸೋರುವಲ್ಲಿ ಹೊಗೆಯೂ ಸೋರುತ್ತದೆ. ಹೊಸದಾಗಿ ಕಪ್ಪು ಪೈಂಟ್ ಹೊಡೆದ ಒಲೆಯನ್ನು ಎರಡು ಸಲ ನೋಡಿ, ಬಿರುಕು ಪೈಂಟಿನ ಅಡಿಯಲ್ಲಿ ಅಡಗಬಹುದು.

ಬಾಗಿಲಿಗೆ ಒಂದು ಸುಲಭ ಪರೀಕ್ಷೆ ಉಂಟು. ಕಾಗದದ ತುಂಡು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲು ಬಿಗಿ ಇಲ್ಲ, ಸುತ್ತಲಿನ ಹಗ್ಗದಂಥ ಪಟ್ಟಿ ಬದಲಾಯಿಸಬೇಕು. ಬಹಳ ಹಳೆಯ ಒಲೆಗಳಲ್ಲಿ ಈ ಬಿಳಿ ನಾರಿನ ಪಟ್ಟಿ ಆಸ್‌ಬೆಸ್ಟಾಸ್ ಆಗಿರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಅನುಮಾನ ಬಂದರೆ ಒಣಗಿದ್ದಾಗ ಕೆರೆಯಬೇಡಿ, ಉಜ್ಜಬೇಡಿ. ಅಂಥ ಒಲೆ ಬಿಟ್ಟು ಬೇರೆ ನೋಡುವುದೇ ಕ್ಷೇಮ.

ಎಣ್ಣೆ ಡ್ರಮ್ ಕತ್ತರಿಸಿ ಮಾಡಿದ ಒಲೆಗಳೂ ಬರುತ್ತವೆ. ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಕೇಳಿ. ಕೀಟನಾಶಕವೋ ರಾಸಾಯನಿಕವೋ ತುಂಬಿದ್ದ ಡ್ರಮ್ ಅಡುಗೆಮನೆಗೆ ಬೇಡ. ಸತು ಲೇಪಿಸಿದ ಜಿಐ ತಗಡೂ ಒಲೆಗೆ ಆಗದು, ಒಲೆಗೆ ತಾಗಿದ ಕೊಳವೆಗೂ ಆಗದು. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ. ಇನ್ನೂ ಕಾದರೆ ಅದರ ಹೊಗೆ ಎದ್ದು ಕುಡಿದವರಿಗೆ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಕೆಲಸದವರಿಗೆ ಇದು ಚೆನ್ನಾಗಿ ಗೊತ್ತು. ಒಳಗಿನ ಬೆಂಕಿ ಇಟ್ಟಿಗೆ, ಬೂದಿಯ ಜಾಲರಿ, ಗಾಳಿ ಬಿಡುವ ಮುಚ್ಚಳ ಇವೆಲ್ಲ ಇದ್ದಾವಾ ನೋಡಿ. ಕೊಳವೆ ಕೂರುವ ಬಾಯಿಯನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕ ಎಲ್ಲ ಆ ಅಳತೆಯ ಮೇಲೆ ನಿಂತಿದೆ.

ಮಾರುವ ನಮ್ಮವರಿಗೂ ಒಂದು ಮಾತು. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒದ್ದೆಯಾದ ಕಾಳನ್ನು ಅಡಿಯಲ್ಲಿ ಅಡಗಿಸಿದ್ದ ವ್ಯಾಪಾರಿಯನ್ನು ಪ್ರವಾದಿ (ಸ.ಅ.) ತರಾಟೆಗೆ ತೆಗೆದುಕೊಂಡ ಪ್ರಸಂಗ ಸಹೀಹ್ ಮುಸ್ಲಿಮಿನಲ್ಲಿ ಉಂಟು. ಒಡಕು ಪಾತ್ರೆ ಮಾರಿದರೆ ನೀರು ಸೋರುತ್ತದೆ ಅಷ್ಟೆ. ಒಡಕು ಒಲೆ ಮಾರಿದರೆ ಒಂದು ಕುಟುಂಬದ ಉಸಿರಿಗೇ ಕುತ್ತು. ದೋಷ ಇದ್ದರೆ ಹೇಳಿಯೇ ಮಾರಿ, ಬೇಕಾದವರು ರಿಪೇರಿ ಮಾಡಿಸಿಕೊಳ್ಳುತ್ತಾರೆ.

ಜೋಡಣೆಯ ಕೆಲಸ

ಒಲೆಯ ಬಾಯಿ 6 ಇಂಚಿದ್ದರೆ ಕೊಳವೆಯೂ ತುದಿವರೆಗೆ 6 ಇಂಚೇ ಇರಬೇಕು. ಅಂಗಡಿಯಲ್ಲಿ 4 ಇಂಚಿನದು ಅಗ್ಗಕ್ಕೆ ಸಿಕ್ಕಿತು ಅಂತ ನಡುವೆ ಕಿರಿದು ಮಾಡಿದರೆ ಹೊಗೆ ಅಲ್ಲೇ ಕಟ್ಟುತ್ತದೆ. ಪಿವಿಸಿ ಪೈಪ್ ಯೋಚನೆಯನ್ನೇ ಬಿಡಿ, ಅದು ಕರಗಿ ವಿಷಹೊಗೆ ಬಿಡುತ್ತದೆ. ನಮ್ಮ ಕಡೆ ಚಿಮ್ನಿಗೆ ಸಿಮೆಂಟ್ ಶೀಟಿನ ಜಾತಿಯ ಎ.ಸಿ. ಪೈಪ್ ಹಾಕುವ ಅಭ್ಯಾಸ ಹಿಂದಿನಿಂದಲೂ ಉಂಟು. ಅದು ಆಸ್‌ಬೆಸ್ಟಾಸ್ ಸೇರಿದ ವಸ್ತು, ಜೋರು ಬಿಸಿಗೆ ಸಿಡಿದು ಒಡೆಯಲೂಬಹುದು. ಕಬ್ಬಿಣದ ಮುಚ್ಚು ಒಲೆಗೆ ಅದು ಸರಿಯಲ್ಲ. ಗೂಡಿನ ಒಳಗೆ ಇಳಿಸಲು 304 ಅಥವಾ 316 ದರ್ಜೆಯ ಸ್ಟೀಲ್ ಕೊಳವೆ ಒಳ್ಳೆಯದು. ಕಡಲ ಗಾಳಿಯ ಉಪ್ಪಿಗೂ ತಡೆಯುತ್ತದೆ. ಒಲೆಯಿಂದ ಗೂಡಿನವರೆಗೆ ದಪ್ಪ ಉಕ್ಕಿನ ಕಪ್ಪು ಕೊಳವೆ ಸಾಕು.

ಕೊಳವೆಗಳ ಜೋಡಣೆಯಲ್ಲಿ ಹೆಚ್ಚಿನವರು ಉಲ್ಟಾ ಮಾಡುವ ಸಂಗತಿ ಒಂದುಂಟು. ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಆಗ ಒಳಗೆ ಇಳಿಯುವ ಕಪ್ಪು ರಸ ಕೊಳವೆಯೊಳಗೇ ಹರಿದು ಒಲೆಗೆ ಬಿದ್ದು ಉರಿದುಹೋಗುತ್ತದೆ. ತಿರುಗಿಸಿ ಹಾಕಿದರೆ ಸಂದಿನಿಂದ ಹೊರಬಂದು ಗೋಡೆ ನೆಲವೆಲ್ಲ ಕರಿ. ಒಂದೊಂದು ಜೋಡಿಗೂ ಮೂರು ಸ್ಕ್ರೂ ಬಿಗಿಯಿರಿ. ಅಡ್ಡ ಓಡುವ ಕೊಳವೆ ಆದಷ್ಟು ಗಿಡ್ಡವಿರಲಿ, ಗೂಡಿನ ಕಡೆಗೆ ಅಡಿಗೆ ಕಾಲು ಇಂಚಿನಂತೆ ಏರುತ್ತಾ ಹೋಗಲಿ. ಮೊಣಕೈಯಂಥ ತಿರುವು ಎರಡಕ್ಕಿಂತ ಹೆಚ್ಚು ಬೇಡ.

ಒಳಗೆ ಸ್ಟೀಲ್ ಕೊಳವೆ ಇಳಿಸಿದ್ದರೆ ಒಲೆಯ ಕೊಳವೆ ನೇರ ಅದಕ್ಕೇ ಸೇರಬೇಕು. ಗೂಡಿನ ಅಳತೆ ಸರಿ ಇದ್ದು ಒಳಕೊಳವೆ ಬೇಡವಾದರೆ, ಒಲೆಯ ಕೊಳವೆ ಗೂಡಿನ ಒಳಮೈಗೆ ಸಮನಾಗಿ ನಿಲ್ಲಬೇಕು. ಒಳಗೆ ಚಾಚಿದರೆ ದಾರಿಗೆ ಅಡ್ಡ, ಹಿಂದೆ ಉಳಿದರೆ ಗೋಡೆಯೊಳಗೆ ಸೋರುತ್ತದೆ. ಸುತ್ತಲಿನ ಸಂದು ತುಂಬಲು ಬೆಂಕಿ ತಡೆಯುವ ಗಾರೆ ಬೇಕು, ಮಾಮೂಲು ಸಿಮೆಂಟ್ ಕಾದು ತಣಿದು ಉದುರುತ್ತದೆ. ಹಳೆಯ ತೆರೆದ ಒಲೆಯ ದೊಡ್ಡ ಬಾಯಿಯನ್ನು ಪೂರ್ತಿ ಮುಚ್ಚದಿದ್ದರೆ ಗೂಡು ಒಲೆಯ ಬದಲು ಕೋಣೆಯ ತಣ್ಣನೆ ಗಾಳಿಯನ್ನೇ ಎಳೆಯುತ್ತಾ ಕೂರುತ್ತದೆ. ಬುಡದಲ್ಲಿ ಮಸಿ ತೆಗೆಯಲು ಬಿಗಿಯಾದ ಸಣ್ಣ ಬಾಗಿಲು ಇಡಿಸಿ. ತುದಿಗೆ ಮಳೆ ಟೋಪಿ ಬೇಕು, ಆದರೆ ಟೋಪಿ ತುಂಬ ತಗ್ಗಾದರೆ ಹೊಗೆಗೆ ಜಾಗ ಇರುವುದಿಲ್ಲ. ಹಕ್ಕಿ ತಡೆಯಲು ಬಲೆ ಹಾಕುವುದಾದರೆ ಕಣ್ಣು ದೊಡ್ಡದಿರಲಿ, ಸಣ್ಣ ಕಣ್ಣು ಮಸಿಯಿಂದ ಬೇಗ ಮುಚ್ಚುತ್ತದೆ.

ಒಲೆಗೂ ಮರದ ಕಪಾಟು, ಬಾಗಿಲಿನಂಥ ಉರಿಯುವ ವಸ್ತುವಿಗೂ ನಡುವೆ 3 ಅಡಿ, ಬರಿಯ ಕೊಳವೆಗೂ ಮರಕ್ಕೂ ನಡುವೆ ಒಂದೂವರೆ ಅಡಿ ಅಂತರ ಇರಲಿ. ಒಲೆ ತಯಾರಿಸಿದವರ ಸೂಚನೆ ಸಿಕ್ಕಿದರೆ ಅದನ್ನೇ ಪಾಲಿಸಿ, ಗುಜರಿಯ ಒಲೆಗೆ ಅದು ಸಿಗುವುದು ಅಪರೂಪ. ಗ್ಯಾಸ್ ಸಿಲಿಂಡರ್ ಆ ಕೋಣೆಯಲ್ಲೇ ಇರಬಾರದು.

ಗೂಡಿನ ಎತ್ತರದಲ್ಲಿ ಕೆಲಸ ಮಾಡಿ ಅಭ್ಯಾಸ ಇರುವ ಮೇಸ್ತ್ರಿಯನ್ನೂ ಒಳ್ಳೆಯ ವೆಲ್ಡರನ್ನೂ ಒಟ್ಟಿಗೆ ಕರೆಸಿ ಜಾಗ ತೋರಿಸಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆ ಹೋದಲ್ಲೇ ಸಂದು ಉಳಿಯುತ್ತದೆ. ಒಲೆಯಲ್ಲಿ ಉಳಿಸಿದ ದುಡ್ಡನ್ನು ಕೊಳವೆಗೆ ಹಾಕಿ, ಕೊಳವೆಯಲ್ಲಿ ಉಳಿಸಲು ಹೋಗಬೇಡಿ.

ಬೆಂಕಿಗೂ ಉಸಿರು ಬೇಕು

ಹಳೆಯ ಹಂಚಿನ ಮನೆಯಲ್ಲಿ ಸಂದುಗೊಂದಿನಿಂದ ಗಾಳಿ ಬರುತ್ತಿತ್ತು. ಈಗ ಕಾಂಕ್ರೀಟ್ ಮಾಡು, ಅಲ್ಯೂಮಿನಿಯಂ ಕಿಟಕಿ, ಎಲ್ಲ ಬಿಗಿ. ಒಲೆಗೆ ಗಾಳಿ ಬರುವ ದಾರಿ ಇಲ್ಲದಿದ್ದರೆ ಗೂಡು ಎಳೆಯುವುದನ್ನೇ ನಿಲ್ಲಿಸುತ್ತದೆ. ಅದರ ಮೇಲೆ ಗ್ಯಾಸಿನ ಮೇಲಿನ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಅದು ಗೂಡಿನ ಹೊಗೆಯನ್ನೇ ಹಿಂದಕ್ಕೆ ಎಳೆದು ಮನೆಗೆ ತರುತ್ತದೆ. ಒಲೆ ಉರಿಯುವಾಗ ಫ್ಯಾನ್ ಬಂದ್, ಕಿಟಕಿ ಓಪನ್, ಇಷ್ಟು ನೆನಪಿರಲಿ. ಒಲೆಯ ಹತ್ತಿರ ಹೊರಗೋಡೆಯಲ್ಲಿ ಮುಚ್ಚಲಾಗದ ಜಾಲರಿ ಕಿಂಡಿ ಇಡಿಸಿದರೆ ಇನ್ನೂ ಒಳ್ಳೆಯದು.

ಇದರಲ್ಲಿ ಉದಾಸೀನ ಬೇಡ, ಕಾರಣ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ಸಾಲದೆ ಕೆಂಡ ಕಮರುವಾಗ ಇದು ಹೆಚ್ಚು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೊಗೆ ಕಾಣುವುದಿಲ್ಲವಲ್ಲ, ಕೆಂಡ ಮಾತ್ರ ಅಲ್ವಾ ಅಂತ ಧೈರ್ಯ ಮಾಡುವುದೇ ದೊಡ್ಡ ಅಪಾಯ. ತಲೆನೋವು, ತಲೆಸುತ್ತು, ವಾಂತಿ, ಮಂಪರು, ಅದೂ ಮನೆಯ ಎಲ್ಲರಿಗೂ ಒಟ್ಟಿಗೆ ಬಂದರೆ ಊಟದ ದೋಷ ಅಂತ ಕೂರಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ. ಅಲ್ಲಿ ‘ಒಲೆ ಉರಿಯುತ್ತಿತ್ತು’ ಎಂದು ಡಾಕ್ಟರಿಗೆ ಹೇಳಲೇಬೇಕು. ಈ ಗಾಳಿಯನ್ನು ಪತ್ತೆ ಮಾಡಿ ಕೂಗುವ ಸಣ್ಣ ಅಲಾರಂ ಈಗ ಸಿಗುತ್ತದೆ. ಒಲೆ ಇರುವ ಮನೆಗೆ ಅದು ಅಗತ್ಯ.

ನಮ್ಮ ಮನೆಗಳಲ್ಲಿ ಮೂರು ಸಂದರ್ಭ ವಿಶೇಷ ಎಚ್ಚರ ಬೇಡುತ್ತವೆ. ಒಂದು, ರಮಝಾನಿನ ಸಹರಿ: ನಿದ್ದೆಗಣ್ಣು, ಹೊರಗೆ ಕತ್ತಲೆ, ಕಿಟಕಿ ಬಾಗಿಲು ಮುಚ್ಚಿಕೊಂಡು ಒಲೆ ಹಚ್ಚುವ ಹೊತ್ತು. ಎರಡು, ಬಾಣಂತನ: ನಲವತ್ತು ದಿನ ಬಿಸಿನೀರು, ಬೆಚ್ಚನೆ ಕೋಣೆ ಅಂತ ಬಾಗಿಲು ಮುಚ್ಚಿ ಕೆಂಡದ ಪಾತ್ರೆ ಇಡುವ ರೂಢಿ. ಬಾಣಂತಿಗೂ ಮಗುವಿಗೂ ಅದು ಬೇಡ. ಬೆಚ್ಚಗಿಡಲು ಬಟ್ಟೆ ಹೊದೆಸಿ. ಮೂರು, ಬಚ್ಚಲು: ಹಂಡೆ ಒಲೆಯ ಬಾಯಿ ಬಚ್ಚಲಿನ ಒಳಗಿದ್ದರೆ ಅದನ್ನು ಹೊರಗೋಡೆಯ ಕಡೆಗೆ ತಿರುಗಿಸಿ ಕಟ್ಟಿಸಿ.

ಕಟ್ಟಿಗೆ ಮತ್ತು ಮಸಿ

ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡಲು ಬೆಂಕಿಯ ಶಕ್ತಿ ಹೋಗುತ್ತದೆ, ಹೊಗೆ ತಣ್ಣಗಾಗುತ್ತದೆ, ಗೂಡಿನಲ್ಲಿ ಟಾರು ಕಟ್ಟುತ್ತದೆ. ಸೀಳಿ, ಮಳೆ ತಾಗದಂತೆ ಮಾಡಿನಡಿ ಗಾಳಿಯಾಡುವಂತೆ ಪೇರಿಸಿ, ನೀರಂಶ ಶೇ. 20ಕ್ಕಿಂತ ಕೆಳಗೆ ಇಳಿಯುವವರೆಗೆ ಒಣಗಿಸಬೇಕು. ನಮ್ಮ ಮಳೆಗಾಲದ ಲೆಕ್ಕದಲ್ಲಿ ಅಂದರೆ ಈ ವರ್ಷ ಕಡಿದದ್ದು ಬರುವ ವರ್ಷಕ್ಕೆ. ಗೆರಟೆ ಜೋರಾಗಿ ಉರಿಯುವ ಸಾಮಾನು, ಬೀಡಿನ ಒಲೆಗೆ ಒಮ್ಮೆಲೆ ರಾಶಿ ತುಂಬಬೇಡಿ. ಗೇರುಬೀಜದ ಸಿಪ್ಪೆಯಲ್ಲಿ ಸುಡುವ ಎಣ್ಣೆ ಉಂಟು, ಅದರ ಹೊಗೆ ಕಣ್ಣು ಗಂಟಲಿಗೆ ಕೆಟ್ಟದು, ಮನೆ ಒಲೆಗೆ ಬೇಡ. ಪೈಂಟ್ ಬಳಿದ ಹಲಗೆ, ಪ್ಲೈವುಡ್, ಬೆಂಕಿ ಹಚ್ಚಲು ಹಾಲಿನ ತೊಟ್ಟೆ ಇವು ಯಾವುದೂ ಬೇಡ.

ಮಳೆಗಾಲದಲ್ಲಿ ಗೂಡಿನೊಳಗಿನ ತಣ್ಣನೆ ಗಾಳಿ ಕೆಳಗೇ ಕೂತಿರುತ್ತದೆ. ಒಲೆ ಬಾಯಿಯಲ್ಲಿ ಊದುಬತ್ತಿ ಹಿಡಿದು ನೋಡಿ, ಹೊಗೆ ಒಳಕ್ಕೆ ಹೋಗದೆ ಮುಖಕ್ಕೆ ಬಂದರೆ ಕಟ್ಟಿಗೆ ಹಾಕುವ ಮೊದಲು ಕೊಳವೆಯ ಬುಡದಲ್ಲಿ ಒಣ ಮಡಲಿನ ಸಣ್ಣ ಸೂಟೆ ಉರಿಸಿ. ಗೂಡು ಬಿಸಿಯಾದ ಕೂಡಲೇ ಎಳೆತ ಹಿಡಿಯುತ್ತದೆ.

ಒಲೆ ದಿನಾ ಉರಿಯುವ ಮನೆಯಲ್ಲಿ ಮೊದಲ ವರ್ಷ ತಿಂಗಳಿಗೊಮ್ಮೆ ಗೂಡು ನೋಡಿ, ಎಷ್ಟು ಬೇಗ ಮಸಿ ಕಟ್ಟುತ್ತದೆ ಅಂತ ಅಂದಾಜು ಸಿಗುತ್ತದೆ. ಕಾಲು ಇಂಚಿನಷ್ಟು ಕಟ್ಟುವ ಮೊದಲೇ ಗುಡಿಸಬೇಕು. ಹೇಗೂ ವರ್ಷಕ್ಕೆ ಒಮ್ಮೆಯಾದರೂ, ಮಳೆಗಾಲಕ್ಕೆ ಮುಂಚೆ, ಪೂರ್ತಿ ತೆಗೆಸಿ. ಹಕ್ಕಿಗೂಡೂ ಆಗಲೇ ಸಿಗುತ್ತದೆ. ಗೂಡಿನಿಂದ ರೈಲಿನಂಥ ಮೊರೆತ ಕೇಳಿ, ಕೊಳವೆ ಕೆಂಪಾದರೆ ಒಳಗೆ ಬೆಂಕಿ ಹತ್ತಿದೆ ಅಂತ ತಿಳಿಯಿರಿ. ಒಲೆಯ ಬಾಗಿಲು, ಗಾಳಿಯ ಮುಚ್ಚಳ ಎರಡನ್ನೂ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಗೂಡಿಗೆ ನೀರು ಸುರಿಯಬೇಡಿ. ಕಾದ ಕಲ್ಲು ಸಿಡಿಯುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ. ಬೆಂಕಿ ಆರಿದ ಮೇಲೂ ತಪಾಸಣೆ ಮಾಡಿಸದೆ ಪುನಃ ಒಲೆ ಹಚ್ಚಬೇಡಿ.

ಬೂದಿಯೂ ಮೋಸ ಮಾಡುತ್ತದೆ. ತಣ್ಣಗಾದಂತೆ ಕಂಡರೂ ಅಡಿಯಲ್ಲಿ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಕಬ್ಬಿಣದ ಬಾಲ್ದಿಯಲ್ಲಿ ತುಂಬಿ ಮನೆಯ ಹೊರಗೆ ಇಡಿ, ಪ್ಲಾಸ್ಟಿಕ್ ಬಕೆಟಿಗೂ ಗೋಣಿಗೂ ಹಾಕಬೇಡಿ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರಲ್ಲಿದ್ದವರ ಸಮೇತ ಹೊತ್ತಿ ಉರಿದ ಸುದ್ದಿ ಬಂದಾಗ, ಬೆಂಕಿ ನಿಮ್ಮ ವೈರಿ, ಮಲಗುವ ಮುನ್ನ ಅದನ್ನು ಆರಿಸಿ ಎಂದು ಪ್ರವಾದಿ (ಸ.ಅ.) ತಿಳಿಹೇಳಿದ ವಿಷಯ ಬುಖಾರಿ, ಮುಸ್ಲಿಂ ಎರಡರಲ್ಲೂ ದಾಖಲಾಗಿದೆ. ರಾತ್ರಿ ಪೂರ್ತಿ ಕಮರಲಿ, ಬೆಳಿಗ್ಗೆ ಬಿಸಿನೀರು ಸಿಗುತ್ತದೆ ಅಂತ ಒಲೆಗೆ ಗಾಳಿ ಕಡಿಮೆ ಮಾಡಿ ಮಲಗುವವರಿಗೆ ಈ ಮಾತು ನೇರವಾಗಿ ತಾಗಬೇಕು. ಟಾರು ಕಟ್ಟುವುದೂ ವಿಷಗಾಳಿ ಹುಟ್ಟುವುದೂ ಅದೇ ಹೊತ್ತಿನಲ್ಲಿ.

ಗುಜರಿಯಲ್ಲಿ ಒಳ್ಳೆಯ ಒಲೆ ಕಂಡರೆ ಖಂಡಿತ ಕೇಳಿ ಇಟ್ಟುಕೊಳ್ಳಿ. ಮನೆಗೆ ಬಂದು ಮೊದಲು ಕನ್ನಡಿ ಹಿಡಿದು ಗೂಡು ನೋಡಿ, ಹೊಗೆ ಬಿಟ್ಟು ಬಿರುಕು ನೋಡಿ, ಟೇಪ್ ಹಿಡಿದು ಅಳತೆ ನೋಡಿ. ಈ ಮೂರೂ ಸರಿ ಬಂದರೆ, ಅಥವಾ ಸರಿ ಮಾಡಿಸಲು ಕೈಯಲ್ಲಿ ದುಡ್ಡು ಉಂಟಾದರೆ, ಮರುದಿನ ಹೋಗಿ ಒಲೆ ತನ್ನಿ.